ಮೊದಲು ಟವರು, ಆಮೇಲೆ ಫೋನು

ನಮ್ಮ ಮನೆಗಳಲ್ಲಿ ಹೆಂಗಸರ ಪಾಲಿಗೆ ಬರುವ ವಸ್ತುಗಳಿಗೆ ಒಂದು ಕ್ರಮವಿದೆ. ದೋಸೆಯಾದರೆ ಕೊನೆಯದು, ಪತ್ರಿಕೆಯಾದರೆ ಮಧ್ಯಾಹ್ನದ ಹೊತ್ತಿಗೆ ಮುದುಡಿದ್ದು, ಫೋನಾದರೆ ಮಗ ಬಳಸಿ ಬಿಟ್ಟದ್ದು. "ಗಾಜು ಒಂಚೂರು ಬಿರುಕು ಬಿಟ್ಟಿದೆ ಅಷ್ಟೇ ಅಮ್ಮಾ, ನಿಂಗೆ ಸಾಕು" ಎಂದು ಅವನು ಕೊಡುತ್ತಾನೆ. ನಾವೂ "ಸಾಕಪ್ಪಾ, ನಂಗೆಂತಕ್ಕೆ ಹೊಸದು" ಎಂದು ತೆಗೆದುಕೊಳ್ಳುತ್ತೇವೆ. ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ನಲವತ್ತೊಂದನೆಯದನ್ನು ಕೇಳುವ ಧೈರ್ಯವಿರುವ ನಾವು ಫೋನಿನ ಅಂಗಡಿಯಲ್ಲಿ ಮಾತ್ರ ಚೀಲ ಹಿಡಿದುಕೊಂಡು ಗಂಡಸರ ಹಿಂದೆ ನಿಂತಿರುತ್ತೇವೆ. ಇದರಲ್ಲಿ ಯಾರ ದಬ್ಬಾಳಿಕೆಯೂ ಇಲ್ಲ. ಅದು ಯಂತ್ರ, ಯಂತ್ರವೆಂದರೆ ಗಂಡಸರ ವಿಷಯ ಎಂದು ಎರಡೂ ಕಡೆಯವರು ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗಾದರೆ ಮಿಕ್ಸಿ, ಗ್ರೈಂಡರು ಯಂತ್ರವಲ್ಲವೇ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ.

ಈ ಕ್ರಮವನ್ನು ಮುರಿದು ತನ್ನ ಮೊದಲ ಸ್ಮಾರ್ಟ್ ಫೋನನ್ನು ತಾನೇ ಆರಿಸಿ ತಂದವಳು ನನ್ನ ಅಕ್ಕ. ಆಗ ಅವಳಿಗೆ 66 ವರ್ಷ. ಹಟಕ್ಕೆ ಮಾಡಿದ್ದಲ್ಲ, ಶೋಕಿಗೆ ಮಾಡಿದ್ದಂತೂ ಅಲ್ಲವೇ ಅಲ್ಲ. ಅವಳು ತನ್ನ ಮನೆಯಲ್ಲೇ ಉಳಿಯುವುದೋ ಬೀಗ ಹಾಕಿ ಬೆಂಗಳೂರಿಗೆ ಹೋಗುವುದೋ ಎನ್ನುವುದು ಆ ಫೋನಿನ ಮೇಲೆ ನಿಂತಿತ್ತು.

ಅಕ್ಕನ ಮನೆ ಆಗುಂಬೆಯಿಂದ ಆರು ಕಿಲೋಮೀಟರು ಒಳಗೆ. ಆಗುಂಬೆ ಎಂದರೆ ನಿಮಗೆ ಸೂರ್ಯಾಸ್ತ, ಘಾಟಿಯ ತಿರುವುಗಳು, ಶಂಕರ್ ನಾಗ್ ಅವರು ತೋರಿಸಿದ ಮಾಲ್ಗುಡಿ ನೆನಪಾಗಬಹುದು. ಅಲ್ಲೇ ಇರುವವರಿಗೆ ಮೊದಲು ನೆನಪಾಗುವುದು ಮಳೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಬೆಂಗಳೂರಿಗೆ ಏಳು ವರ್ಷಕ್ಕೆ ಹಂಚಿ ಬೀಳುವ ಮಳೆಯನ್ನು ನಮ್ಮವರು ಒಂದೇ ವರ್ಷದಲ್ಲಿ, ಅದರಲ್ಲೂ ಬಹುಪಾಲನ್ನು ಜೂನಿನಿಂದ ಸೆಪ್ಟೆಂಬರಿನ ಒಳಗೆ, ಅನುಭವಿಸಿ ಮುಗಿಸುತ್ತಾರೆ. ಮನೆಗಳೋ, ಕಣಿವೆಗೊಂದು ಗುಡ್ಡಕ್ಕೊಂದು. ನಡುವೆ ಕಾಡು. ಫೋನಿನ ಅಲೆಗೆ ಗುಡ್ಡ ಅಡ್ಡ, ಒದ್ದೆ ಎಲೆಗಳ ಕಾಡು ಅಡ್ಡ. ಟವರು ಹಾಕುವ ಕಂಪನಿಗಳಿಗೆ ತಲೆ ಎಣಿಸಿದರೆ ಲೆಕ್ಕ ಹೊಂದುವುದಿಲ್ಲ, ಕಾಡಿನೊಳಗೆ ಹಾಕಬೇಕೆಂದರೆ ಅನುಮತಿಯ ದಾರಿ ಉದ್ದ.

ಈ ಊರಿಗೆ ಮಾತು ಮುಟ್ಟಿಸುವುದು ಎಂದೂ ಸುಲಭವಾಗಿರಲಿಲ್ಲ. ನಮ್ಮ ಬಾಲ್ಯದಲ್ಲಿ ಟ್ರಂಕ್ ಕಾಲ್ ಬಂತೆಂದರೆ ಮನೆಯವರೆಲ್ಲ ಒಮ್ಮೆ ದೇವರನ್ನು ನೆನೆಯುತ್ತಿದ್ದೆವು. ಒಳ್ಳೆಯ ಸುದ್ದಿಗೆ ಅಷ್ಟು ಖರ್ಚು ಯಾರೂ ಮಾಡುತ್ತಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಅವರ ಹೆಸರು ಮನೆಮಾತಾದದ್ದು ಆಗಲೇ. ಹವಾನಿಯಂತ್ರಣ ಬೇಡದ, ಹಳ್ಳಿಯ ಸೆಖೆ ದೂಳು ತಡೆಯುವ ಪುಟ್ಟ ಎಕ್ಸ್‌ಚೇಂಜನ್ನು ಅವರು ತಯಾರಿಸಿದರು. ಅದರಲ್ಲಿ ಮೊಟ್ಟಮೊದಲನೆಯದನ್ನು ಕೂರಿಸಿದ್ದು 1986ರಲ್ಲಿ ನಮ್ಮದೇ ಚೆನ್ನಮ್ಮನ ಕಿತ್ತೂರಿನಲ್ಲಿ. ಅಲ್ಲಿಂದ ಮುಂದೆ ತಂತಿಯ ಫೋನು ಒಂದೊಂದೇ ಊರು ಹತ್ತಿ ನಮ್ಮ ಕಡೆಗೂ ಬಂತು. ಬಂದ ಮೇಲೆ ಮಳೆಗಾಲದಲ್ಲಿ ಅದರ ಮೇಲೆ ಮರ ಬೀಳುವುದು, ಲೈನ್‌ಮನ್ ಕೊಡೆ ಹಿಡಿದು ಕಾಲಿಗೆ ಉಂಬಳ ಹತ್ತಿಸಿಕೊಂಡು ಬರುವುದು, ಅಕ್ಕ ಅವನಿಗೆ ಬಿಸಿ ಕಾಫಿ ಕೊಡುವುದು, ಇದೆಲ್ಲ ವರ್ಷವರ್ಷದ ಪದ್ಧತಿಯಾಯಿತು.

ಮೊಬೈಲು ಬಂದ ಮೇಲೂ ಕಥೆ ಹೆಚ್ಚು ಬದಲಾಗಲಿಲ್ಲ. 2020ರಲ್ಲಿ ಕೊರೊನಾ ಬಂದು ಪಾಠವೆಲ್ಲ ಫೋನಿನೊಳಗೆ ಸೇರಿದಾಗ, ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕೊಡೆ ಬಿಡಿಸಿಕೊಂಡು ಕೂತು ಲೆಕ್ಕ ಕಲಿತರು. ಮರುವರ್ಷ ನಮ್ಮ ಜಿಲ್ಲೆಯ ಕೆಲವು ಊರಿನವರು ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ ಎಂದು ಹಟ ಹಿಡಿದರು. 2022ರ ಜುಲೈ 27ರಂದು ಕೇಂದ್ರದ ಮಂತ್ರಿಮಂಡಲ ಒಂದು ತೀರ್ಮಾನ ಮಾಡಿತು. ದೇಶದಲ್ಲಿ 4ಜಿ ಮುಟ್ಟದ 24,680 ಹಳ್ಳಿಗಳಿಗೆ ಬಿಎಸ್ಸೆನ್ನೆಲ್ ಮೂಲಕ ಟವರು. ಖರ್ಚು 26,316 ಕೋಟಿ ರೂಪಾಯಿ. ಇಂಥ ಸುದ್ದಿಯನ್ನು ನಾವು ಓದಿ ಮಡಚಿ ಕಪಾಟಿಗೆ ಹಾಸುತ್ತೇವೆ. ಆದರೆ ಅಕ್ಕನ ಮನೆಯಿಂದ ಕಾಣುವ ಗುಡ್ಡದ ಮೇಲೆ ಸ್ವಲ್ಪ ಕಾಲದ ನಂತರ ನಿಜವಾಗಿಯೂ ಒಂದು ಟವರು ಎದ್ದಿತು.

ಈ ನಡುವೆ 2023ರಲ್ಲಿ ಭಾವ ತೀರಿಕೊಂಡರು. ಅಕ್ಕ ಒಂಟಿಯಾದಳು. ಒಂಟಿ ಎಂದರೆ, ಬೆಳಿಗ್ಗೆ ಕೆಲಸಕ್ಕೆ ಬಂದು ಸಂಜೆ ಹೋಗುವ ಒಬ್ಬ ಹೆಂಗಸು, ಎರಡು ದನ, ಒಂದೂವರೆ ಎಕರೆ ಅಡಿಕೆ ತೋಟ. ಮಗ ಬೆಂಗಳೂರಿನಲ್ಲಿ. ಒಳ್ಳೆಯ ಹುಡುಗ, ತಾಯಿಯ ಮೇಲೆ ಪ್ರಾಣ. ಆದರೆ ಅವನ ಪ್ರೀತಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಮನೆಯಲ್ಲಿದ್ದ ಗುಂಡಿ ಒತ್ತುವ ಫೋನು ಭಾವನದು, ಒಂದು ಖಾಸಗಿ ಕಂಪನಿಯದು. ಅದು ಉಣುಗೋಲಿನ ಹತ್ತಿರ ಮಾತ್ರ ಮಾತಾಡುತ್ತಿತ್ತು. ಭಾವ ಇದ್ದಾಗ ಸಂಜೆ ಹೊತ್ತು ಉಣುಗೋಲಿಗೆ ಒರಗಿ ನಿಂತು ಮಂಡಿ, ಸೊಸೈಟಿ, ನೆಂಟರು ಎಲ್ಲ ವ್ಯವಹಾರವನ್ನೂ ಅಲ್ಲೇ ಮುಗಿಸುತ್ತಿದ್ದರು. ಜಡಿಮಳೆಯಲ್ಲಿ ಅಕ್ಕ ಅಲ್ಲಿಗೆ ಹೋಗಿ ನಿಲ್ಲುವುದು ಹೇಗೆ? 2024ರ ಮಳೆಗಾಲದಲ್ಲಿ ಮಗ ಎರಡು ಸಲ ಗಾಬರಿಯಿಂದ ರಾತ್ರೋರಾತ್ರಿ ಹೊರಟು ಬಂದ. ಎರಡು ಸಲವೂ ಅಕ್ಕ ಬಚ್ಚಲ ಒಲೆಯ ಮುಂದೆ ಬೆಂಕಿ ಕಾಯಿಸುತ್ತ ಕೂತಿದ್ದಳು.

2025ರ ಯುಗಾದಿಗೆ ಬಂದವನು ಖಂಡಿತವಾಗಿ ಹೇಳಿದ: "ಅಮ್ಮಾ, ಈ ಮಳೆಗಾಲದೊಳಗೆ ನೀನು ಫೋನಿಗೆ ಸಿಗೋ ಹಾಗಾಗ್ಬೇಕು. ಇಲ್ಲದಿದ್ರೆ ಮನೆಗೆ ಬೀಗ ಹಾಕಿ ನನ್ನ ಜೊತೆ ಬಂದುಬಿಡು. ನಂಗೆ ರಾತ್ರಿ ನಿದ್ದೆ ಇಲ್ಲ." ಹೇಳಿ, ತನ್ನ ಹಳೆಯ ಫೋನನ್ನು ಮೇಜಿನ ಮೇಲಿಟ್ಟು ಹೋದ. ಕೊಳ್ಳುವಾಗ ಮೂವತ್ತು ಸಾವಿರ ಕೊಟ್ಟದ್ದಂತೆ.

ಅಕ್ಕ ಆ ಫೋನನ್ನು ಮುಟ್ಟಲಿಲ್ಲ. ನನಗೆ ಹೇಳಿ ಕಳಿಸಿದಳು. ತೀರ್ಥಹಳ್ಳಿಯಿಂದ ನಾನು ಬಸ್ಸಿನಲ್ಲಿ ಹೋದೆ. ಹೋದವಳ ಕೈಯಿಂದ ನನ್ನ ಫೋನನ್ನು ಇಸಕೊಂಡಳು. ಪಕ್ಕದ ಮನೆಯ ಕಾಲೇಜು ಓದುವ ಹುಡುಗನನ್ನು, ಅವನ ಬಿಎಸ್ಸೆನ್ನೆಲ್ ಫೋನಿನ ಸಮೇತ, ಕಾಫಿಗೆ ಕರೆದಳು. ಭಾವನ ಫೋನು ಸೇರಿ ಮೂರು ಕಂಪನಿಯ ಮೂರು ಫೋನಾಯಿತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಮೇಲೆ ಮೂರು ಕಂಪನಿ, ಕೆಳಗೆ ಜಗಲಿ, ನಡುಮನೆ, ದೇವರ ಕೋಣೆ, ಅಡಿಗೆಮನೆ, ಬಚ್ಚಲು, ಕೊಟ್ಟಿಗೆ, ತೋಟ, ಉಣುಗೋಲು ಎಂದು ಬರೆದಳು. ಒಂದೊಂದು ಕಡೆಯೂ ನಿಂತು ಸಿಗ್ನಲಿನ ಕಡ್ಡಿ ಎಣಿಸುವುದು, ಬರೀ ಕಡ್ಡಿ ನಂಬದೆ ಒಂದು ಕಾಲ್ ಮಾಡಿ ಮಾತು ಕೇಳುತ್ತದೆಯೇ ನೋಡುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಕರೆಂಟು ಹೋದಾಗ ಇನ್ನೊಮ್ಮೆ. ನಾನು ಮೂರು ದಿನ ಉಳಿದೆ. ಹುಡುಗನಿಗೆ ಪರೀಕ್ಷೆ ಮುಗಿದಿತ್ತು, ಅವನಿಗೂ ಉತ್ಸಾಹ.

"ಅಕ್ಕಾ, ಬಚ್ಚಲಲ್ಲಿ ಎಂತಕ್ಕೆ ಮಾರಾಯ್ತಿ? ಅಲ್ಲಿ ಯಾರು ಫೋನು ಹಿಡ್ಕೊಂಡು ಹೋಗ್ತಾರೆ?" ಎಂದು ನಾನು ನಕ್ಕೆ.

ಅಕ್ಕ ನಗಲಿಲ್ಲ. "ಮುದುಕಿಯರು ಬೀಳೋದು ಅಲ್ಲೇ ಕಣೆ. ಜಗಲಿ ಮೇಲೆ ಬಿದ್ರೆ ಕೂಗಿದ್ರೂ ಯಾರಿಗಾದ್ರೂ ಕೇಳ್ತದೆ" ಎಂದಳು.

ಪಾಚಿ ಹಿಡಿದ ಹಿತ್ತಿಲ ಕಲ್ಲು, ಒದ್ದೆ ಬಚ್ಚಲು, ನೆರೆಮನೆಗೂ ಇವಳಿಗೂ ನಡುವೆ ಒಂದು ಹಳ್ಳ. ಅವಳು ಎಷ್ಟು ರಾತ್ರಿ ಮಲಗಿಕೊಂಡು ಇದನ್ನು ಯೋಚಿಸಿದ್ದಳೋ.

ಕ್ಯಾಲೆಂಡರು ಭರ್ತಿಯಾದಾಗ ಎರಡು ಖಾಸಗಿ ಕಂಪನಿಗಳಲ್ಲಿ ಒಂದು ಉಣುಗೋಲಿನಲ್ಲಿ, ಇನ್ನೊಂದು ತೋಟದ ಮೇಲಿನ ದರೆಯಲ್ಲಿ ಉಳಿದವು. ಬಚ್ಚಲಿನವರೆಗೆ ಬಂದದ್ದು ಗುಡ್ಡದ ಟವರಿನ ಬಿಎಸ್ಸೆನ್ನೆಲ್ ಒಂದೇ. ಇದು ಅಕ್ಕನ ಮನೆಯ ಮಾತು. ನಿಮ್ಮ ಮನೆಯಲ್ಲಿ ಬೇರೆಯೇ ಕಂಪನಿ ಗೆಲ್ಲಬಹುದು. ಜಾಹೀರಾತಿನಲ್ಲಿ ದೇಶದ ನಕ್ಷೆಗೆಲ್ಲ ಬಣ್ಣ ಬಳಿದಿರುತ್ತಾರೆ. ನಮ್ಮ ಅಡಿಗೆಮನೆ ಆ ನಕ್ಷೆಯಲ್ಲಿ ಇರುವುದಿಲ್ಲ.

ಹಾಗಾದರೆ ಮಗನ ಫೋನಿಗೆ ಬಿಎಸ್ಸೆನ್ನೆಲ್ ಸಿಮ್ ಹಾಕಿದರೆ ಮುಗಿಯಿತಲ್ಲ ಎಂದು ಹುಡುಗ ತನ್ನ ಸಿಮ್ ತೆಗೆದು ಅದಕ್ಕೆ ಹಾಕಿದ. ಅದೇ ಸಿಮ್, ಅದೇ ಬಚ್ಚಲು, ಒಂದು ಕಡ್ಡಿಯೂ ಇಲ್ಲ. ತನ್ನ ಒಂಬತ್ತು ಸಾವಿರದ ಫೋನಿಗೆ ವಾಪಸು ಹಾಕಿದ, ಮೂರು ಕಡ್ಡಿ. ಮೂವತ್ತು ಸಾವಿರದ್ದು ಕಿವುಡು, ಒಂಬತ್ತು ಸಾವಿರದ್ದಕ್ಕೆ ಕೇಳುತ್ತದೆ! ನಮಗೆ ತಲೆಬುಡ ತಿಳಿಯಲಿಲ್ಲ. ಹುಡುಗ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡು ಮಾರನೆಯ ದಿನ ಬಂದು ವಿವರಿಸಿದ.

ನೀವು ಹಳೆಯ ರೇಡಿಯೊ ನೆನಪಿಸಿಕೊಳ್ಳಿ. ಆಗೆಲ್ಲ ನಮಗೆ ಭದ್ರಾವತಿ ಆಕಾಶವಾಣಿ ಬರುತ್ತಿದ್ದದ್ದು ಮೀಡಿಯಂ ವೇವ್‌ನಲ್ಲಿ. ಬರೀ ಎಫ್‌ಎಂ ಇರುವ ರೇಡಿಯೊ ತಂದು, ಅದೆಷ್ಟೇ ಬೆಲೆಯದಾಗಲಿ, ಕಿವಿ ತಿರುಪಿದರೆ ಮೀಡಿಯಂ ವೇವ್ ಸಿಕ್ಕೀತೇ? ಫೋನಿನ ಕಂಪನಿಗಳೂ ಹಾಗೇ, ಒಂದೊಂದು ಒಂದೊಂದು ಅಲೆಯ ಪಟ್ಟಿಯಲ್ಲಿ ಮಾತಾಡುತ್ತವೆ. ಅದಕ್ಕೆ ಬ್ಯಾಂಡ್ ಎಂದು ಹೆಸರು, ಒಂದೊಂದಕ್ಕೂ ಒಂದು ನಂಬರು. ಬಿಎಸ್ಸೆನ್ನೆಲ್ 4ಜಿಗೆ ಮುಖ್ಯವಾದವು ಎರಡು: 2100 ಮೆಗಾಹರ್ಟ್ಸಿನ ಬ್ಯಾಂಡ್ 1, ಮತ್ತು 700 ಮೆಗಾಹರ್ಟ್ಸಿನ ಬ್ಯಾಂಡ್ 28. ಸಂಖ್ಯೆ ಕಡಿಮೆ ಇರುವ ಅಲೆ ದೂರ ಹೋಗುತ್ತದೆ. ಮರ ಗೋಡೆ ದಾಟಿ ಬರುವುದರಲ್ಲಿಯೂ ಅದರದೇ ಮೇಲುಗೈ. ಕಾಡಿನ ಊರಿಗೆ ಬೇಕಾದದ್ದು ಈ 28. ಮಗನ ಫೋನಿನ ಪಟ್ಟಿಯಲ್ಲಿ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಬೆಂಗಳೂರಿನಲ್ಲಿ ಅವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಅಕ್ಕ ಚೀಟಿಯಲ್ಲಿ ದೊಡ್ಡದಾಗಿ '28' ಎಂದು ಬರೆದುಕೊಂಡಳು. ಕೆಳಗೆ 'ವೋಲ್ಟಿ' ಎಂದು. 4ಜಿಯ ಮೇಲೆಯೇ ಮಾತು ಹೋಗುವ ವ್ಯವಸ್ಥೆಗೆ ಹಾಗೆನ್ನುತ್ತಾರೆ. ಅದಿಲ್ಲದ ಫೋನಿನಲ್ಲಿ ಇಂಟರ್‌ನೆಟ್ಟು ಬಂದರೂ ಮಾತಿಗೆ ಹಳೆಯ ಅಲೆಯನ್ನೇ ಹುಡುಕಬೇಕಾಗುತ್ತದೆ.

ಮೇ ತಿಂಗಳಲ್ಲಿ ತೀರ್ಥಹಳ್ಳಿಯ ಅಂಗಡಿಗೆ ಹೋದೆವು. ಕಾಳುಮೆಣಸು ಮಾರಿದ ದುಡ್ಡು ಅಕ್ಕನ ಚೀಲದಲ್ಲಿತ್ತು. ಅಂಗಡಿಯ ಹುಡುಗ ಒಂದು ಫೋನು ತೆಗೆದು, "ಅಮ್ಮಾ, ಇದರಲ್ಲಿ ಸೆಲ್ಫಿ ಬಹಳ ಚೆನ್ನಾಗಿ ಬರ್ತದೆ" ಎಂದ. "ನನ್ನ ಮುಖ ನಾನು ನೋಡಿ ಆಗಿದೆ ತಮ್ಮಾ, ಇದ್ರಲ್ಲಿ ಬ್ಯಾಂಡ್ 28 ಉಂಟಾ?" ಎಂದಳು ಅಕ್ಕ. ಹುಡುಗ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನು ಮಾಲೀಕರನ್ನು ಕರೆದ. ಅವರು ಪೆಟ್ಟಿಗೆ ತಿರುಗಿಸಿದರು. ಅದರ ಮೇಲೆ ಇರಲಿಲ್ಲ. ಕಡೆಗೆ ತಯಾರಕರ ಪಟ್ಟಿ ತೆರೆದು ಒಂದೊಂದಾಗಿ ನೋಡಿದರು. ನೋಡುವ ಕೆಲಸವನ್ನು ಪಾಪ ಅವರು ಮನಸ್ಸಿಟ್ಟೇ ಮಾಡಿದರು. ಆರು ಫೋನಿನಲ್ಲಿ ಎರಡಕ್ಕೆ ಅದಿರಲಿಲ್ಲ.

ಉಳಿದ ನಾಲ್ಕನ್ನು ಅಕ್ಕ ಸೀರೆ ನೋಡುವ ಹಾಗೆ ನೋಡಿದಳು. ಕೈಯಲ್ಲಿ ಹಿಡಿದಳು, ದೊಡ್ಡದಾದ ಒಂದನ್ನು ಜಾರುತ್ತದೆ ಎಂದು ಬದಿಗಿಟ್ಟಳು. ಒಂದೊಂದರ ಗಂಟೆಯನ್ನೂ ಜೋರಾಗಿ ಬಾರಿಸಿಸಿದಳು. ಹೆಂಚಿನ ಮೇಲೆ ಮಳೆ ಬೀಳುವಾಗ ಕೇಳಬೇಕಲ್ಲ. ಬ್ಯಾಟರಿ ಕೇಳಿದಳು. ನೀರಿನ ಮಾತು ಬಂದಾಗ ಮಾಲೀಕರು ಐಪಿ ಎಂಬ ನಂಬರು ತೋರಿಸಿದರು. ಅದು 54 ಎಂದಿದ್ದರೆ ಹನಿ ಸಿಡಿದರೆ ತಡೆಯುತ್ತದೆ, 67 ಎಂದಿದ್ದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಡೆಯಬೇಕು. ಆದರೆ ಒದ್ದೆ ಬೆರಳಿನ ಗುಟ್ಟು ಯಾವ ನಂಬರಿನಲ್ಲಿಯೂ ಇಲ್ಲ. ಒದ್ದೆ ಕೈಯಲ್ಲಿ ಗಾಜು ಒತ್ತಿದರೆ ಅದು ಏನೋ ತಿಳಿದು ಇನ್ನೇನೋ ಮಾಡುತ್ತದೆ. ನಮ್ಮ ಕೈ ಒಣಗಿರುವುದು ಯಾವಾಗ? ಅಕ್ಕ ಅಂಗಡಿಯವರ ಹತ್ತಿರ ನೀರು ಕೇಳಿ ಬೆರಳು ಅದ್ದಿ ಪರೀಕ್ಷೆ ಮಾಡಿದಳು. ಕಡೆಗೆ 11,000 ರೂಪಾಯಿಯ ಒಂದು ಒಪ್ಪಿಗೆಯಾಯಿತು.

ಇನ್ನು ನಂಬರು. ಹೊಸ ಸಿಮ್ ತಗೊಂಡರೆ ಹತ್ತು ನಿಮಿಷದ ಕೆಲಸ. ಅಕ್ಕ ಒಪ್ಪಲಿಲ್ಲ, ಭಾವನ ನಂಬರೇ ಬೇಕು. ಬ್ಯಾಂಕಿನಲ್ಲಿ, ಮಂಡಿಯಲ್ಲಿ, ನೆಂಟರ ಡೈರಿಯಲ್ಲಿ ಇರುವುದು ಅದೇ. ನಂಬರು ಬದಲಿಸದೆ ಕಂಪನಿ ಬದಲಿಸಲು ದಾರಿ ಇದೆ, 2011ರಿಂದಲೇ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರು ಬರೆದು, 1900ಕ್ಕೆ ಮೆಸೇಜು ಮಾಡಿದರೆ ಒಂದು ಗುಪ್ತ ಸಂಕೇತ ಬರುತ್ತದೆ. ಅದನ್ನು ಹಿಡಿದು ಹೊಸ ಕಂಪನಿಯ ಕೇಂದ್ರಕ್ಕೆ ಹೋದರಾಯಿತು. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಬಹಳ ಜನ ಹೀಗೇ ಬಿಎಸ್ಸೆನ್ನೆಲ್ಲಿಗೆ ಬಂದರು. ಆದರೆ ಈ ನಂಬರು ಇದ್ದದ್ದು ತೀರಿಕೊಂಡವರ ಹೆಸರಿನಲ್ಲಿ. ಮೊದಲು ಮರಣಪತ್ರ, ಆಧಾರ್ ಹಿಡಿದು ಹಳೆಯ ಕಂಪನಿಯಲ್ಲಿ ಅಕ್ಕನ ಹೆಸರಿಗೆ ಮಾಡಿಸಬೇಕಾಯಿತು. ಮೂರು ಸಲ ಓಡಾಡಿದಳು.

ಇಲ್ಲಿ ನಿಮ್ಮನ್ನು ಒಂದು ಮಾತು ಕೇಳಬೇಕು. ನಿಮ್ಮ ಕೈಯಲ್ಲಿರುವ ಫೋನಿನ ಸಿಮ್ ಯಾರ ಹೆಸರಿನಲ್ಲಿದೆ? ಗಂಡನದೋ, ಮಗನದೋ? ಬ್ಯಾಂಕಿನ ಗುಪ್ತ ಸಂಖ್ಯೆ, ಪಿಂಚಣಿಯ ಸಂದೇಶ ಎಲ್ಲ ಆ ನಂಬರಿಗೇ ಬರುತ್ತದೆ. ಎಲ್ಲರೂ ಚೆನ್ನಾಗಿರುವಾಗಲೇ ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಸುಲಭ. ಕಣ್ಣೀರಿನ ಜೊತೆ ಕಾಗದಪತ್ರ ಹಿಡಿದು ಓಡಾಡುವುದು ಕಷ್ಟ.

ಪೋರ್ಟ್ ಆದ ಸಂಜೆ ಅಕ್ಕ ಬಚ್ಚಲ ಒಲೆಯ ಮುಂದೆ ಕೂತು ಮಗನಿಗೆ ಮೊದಲ ಕಾಲ್ ಮಾಡಿದಳು. ಎತ್ತಿದವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅವನ ಫೋನಿನಲ್ಲಿ ಆ ನಂಬರು 'ಅಪ್ಪ' ಎಂದೇ ಇತ್ತು. ಆ ಹೆಸರು ಬೆಳಗಿ ಫೋನು ಅಪರೂಪಕ್ಕೆ ಬಾರಿಸುತ್ತಿದ್ದದ್ದು ಉಣುಗೋಲಿನಿಂದ. ಈಗ ಅದೇ ಹೆಸರಿನಿಂದ ಒಲೆಯ ಸೌದೆ ಚಟಚಟ ಎನ್ನುವುದು ಕೇಳಿಸಿತಂತೆ. "ಎಲ್ಲಿದ್ದೀ ಅಮ್ಮಾ?" ಎಂದ. "ಒಳಗೇ ಇದ್ದೀನಿ" ಎಂದಳು ಅಕ್ಕ.

ಮಳೆಗಾಲ ಬಂತು. ಫೋನು ಸರಿಯಿದ್ದರೆ ಎಲ್ಲ ಸರಿ ಎಂದು ನಾನು ಹೇಳಿದರೆ ಮಲೆನಾಡಿನವರು ನಗುತ್ತಾರೆ. ಕರೆಂಟು ಹೋಗಿ ಹೊತ್ತಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಗ ಬ್ಯಾಂಡ್ 28 ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ. ಅದಕ್ಕೇ ತಾಯಿ ಮಗ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದರು. ದಿನಾ ಸಂಜೆ ಏಳಕ್ಕೆ ಒಂದು ಕಾಲ್. ಒಂದು ದಿನ ತಪ್ಪಿದರೆ ಮಳೆ ಎಂದು ತಿಳಿಯುವುದು. ಎರಡು ದಿನ ತಪ್ಪಿದರೆ ಆಗುಂಬೆ ಪೇಟೆಯಲ್ಲಿರುವ ನೆಂಟರಿಗೆ ಹೇಳುವುದು, ಅವರು ಹೋಗಿ ನೋಡಿ ಬರುವುದು. ಅಷ್ಟರೊಳಗೆ ಯಾರೂ ಹೊರಟು ಬರಬಾರದು. ಜುಲೈಯಲ್ಲಿ ಒಂದು ಸಲ ಎರಡೂ ದಿನ ಕಳೆಯಿತು. ನೆಂಟರ ಹುಡುಗ ಬೈಕಿನಲ್ಲಿ ಹೋಗಿ ನೋಡಿದ. ಅಕ್ಕ ಅವನಿಗೆ ಕಾಫಿ ಕೊಟ್ಟು, ಮಗನಿಗೆ ಹೇಳು ಎಂದು ಒಂದು ವಾಕ್ಯ ಕೊಟ್ಟು ಕಳಿಸಿದಳು. ಮೂರನೆಯ ದಿನ ಕರೆಂಟು ಬಂತು, ಟವರು ಬಂತು, ಸಂಜೆ ಏಳಕ್ಕೆ ಬೆಂಗಳೂರಿನಲ್ಲಿ ಫೋನು ಬಾರಿಸಿತು. ಆ ಮಳೆಗಾಲದಲ್ಲಿ ಮಗ ಒಮ್ಮೆಯೂ ರಾತ್ರೋರಾತ್ರಿ ಹೊರಡಲಿಲ್ಲ. ಮನೆಗೆ ಬೀಗವೂ ಬೀಳಲಿಲ್ಲ.

2025ರ ಸೆಪ್ಟೆಂಬರ್ 27ರಂದು ಸುಮಾರು 97,500 ಟವರುಗಳ ದೇಶೀಯ 4ಜಿ ವ್ಯವಸ್ಥೆಯನ್ನು ಪ್ರಧಾನಿ ಉದ್ಘಾಟಿಸಿದ ಸುದ್ದಿ ಬಂತು. ಅದರ ಒಳಯಂತ್ರ ಕಟ್ಟಿದವರಲ್ಲಿ ಅದೇ ಹಳೆಯ ಸಿ-ಡಾಟ್ ಕೂಡ ಇದೆ. ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಇದೆ. ಅಕ್ಕನಿಗೆ ಓದಿ ಹೇಳಿದೆ. "ಲೈನ್‌ಮನ್‌ಗೆ ಕಾಫಿ ಕೊಟ್ಟದ್ದು ದಂಡ ಆಗಲಿಲ್ಲ ಹಾಗಾದ್ರೆ" ಎಂದಳು.

ಈಗ ಅಕ್ಕನಿಗೆ ಸುತ್ತಮುತ್ತ ಬೇರೆಯೇ ಹೆಸರು ಬಂದಿದೆ. ಮಕ್ಕಳು ದೂರವಿರುವ ಹೆಂಗಸರು, ಸಂಘದ ಹೆಂಗಸರು, ಫೋನು ತಗೊಳ್ಳುವ ಮುಂಚೆ ಅವಳಲ್ಲಿಗೆ ಬರುತ್ತಾರೆ. ಯಾವ ಕಂಪನಿಯದು ಒಳ್ಳೆಯದು, ಎಷ್ಟರದ್ದು ತಗೊಳ್ಳಲಿ ಎಂದು ಕೇಳುತ್ತಾರೆ. ಅಕ್ಕ ಕಂಪನಿಯ ಹೆಸರನ್ನೂ ಹೇಳುವುದಿಲ್ಲ, ಬೆಲೆಯನ್ನೂ ಹೇಳುವುದಿಲ್ಲ. ಹಪ್ಪಳ ಸುಟ್ಟು ಮುಂದಿಟ್ಟು, ಮೊದಲು ಒಂದೇ ಪ್ರಶ್ನೆ ಕೇಳುತ್ತಾಳೆ:

"ಬಚ್ಚಲಲ್ಲಿ ನಿಂತು ನೋಡಿದ್ಯಾ?"